ಗೋಡೆ ಒಡೆಯುವ ಮೊದಲು ಅಟ್ಟ ಹತ್ತಿ: ಕಟ್ಟಿ ಮುಗಿದ ಮನೆಗೆ ಹೊಸ ವೈರ್ ಎಳೆಯುವ ಸಾಧನಗಳು ಮತ್ತು ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಮನೆಗಳಿಂದ ವೈರಿಂಗ್ ಕೆಲಸಕ್ಕೆ ಕರೆ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಬಚ್ಚಲುಮನೆಗೆ ಗೀಸರ್ ಹಾಕಿಸಬೇಕಾಗಿರುತ್ತದೆ, ಇಲ್ಲವೇ ಬೆಂಗಳೂರಿನಿಂದ ಬಂದ ಮಗನೋ ಮಗಳೋ ಒಳಕೋಣೆಯಲ್ಲಿ ಕುಳಿತು ಕೆಲಸ ಮಾಡಲು ಒಂದು ಪ್ಲಗ್ ಪಾಯಿಂಟ್ ಬೇಕೆಂದಿರುತ್ತಾರೆ. ಮನೆಯ ಯಜಮಾನರ ಮೊದಲ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: "ಗೋಡೆ ಒಡೀಬೇಕಾ ಮಾರಾಯ್ರೆ?"

ಬಹುಪಾಲು ಒಡೆಯಬೇಕಾಗಿಲ್ಲ. ಹೆಂಚಿನ ಮನೆಯಲ್ಲಿ ಹೆಚ್ಚುಕಡಿಮೆ ಪ್ರತಿ ಕೋಣೆಯ ತಲೆಯ ಮೇಲೂ ಅಟ್ಟವಿರುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಅಡ್ಡ ಹಾಯಬೇಕಾದ ದೂರವನ್ನೆಲ್ಲ ಅಟ್ಟದಲ್ಲೇ ಮುಗಿಸಿ, ಗೋಡೆಯ ಮೇಲೆ ನೆಟ್ಟಗೆ ಇಳಿಯುವ ನಾಲ್ಕೈದು ಅಡಿಯನ್ನು ಮಾತ್ರ ಉಳಿಸಿಕೊಂಡರೆ, ಮೂರು ದಿನದ ಧೂಳಿನ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಸಾಧನಗಳು ಎಷ್ಟೇ ಒಳ್ಳೆಯವಿದ್ದರೂ ಈ ದಾರಿಯನ್ನು ಮೊದಲು ಕಂಡುಕೊಳ್ಳದೆ ಡ್ರಿಲ್ ಹಿಡಿದವರು ಗೋಡೆಯನ್ನೂ ಹಾಳು ಮಾಡುತ್ತಾರೆ, ವೈರನ್ನೂ ಹಾಳು ಮಾಡುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಸಾಧನಗಳನ್ನು ಅವು ಕೈಗೆ ಬರಬೇಕಾದ ಸರದಿಯಲ್ಲಿಯೇ ಹೇಳುತ್ತ ಹೋಗುತ್ತೇನೆ.

ಅದಕ್ಕೂ ಮೊದಲು ಕಾನೂನಿನ ಒಂದು ಮಾತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ, ಹೊಸ ಲೈನ್ ಎಳೆಯುವ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ನಮ್ಮ ರಾಜ್ಯದಲ್ಲಿ ಆ ಪರವಾನಗಿಯ ವ್ಯವಹಾರ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು. ದಾರಿ ಹುಡುಕುವುದು, ತೂತು ಕೊರೆಯುವುದು, ಪೈಪ್ ಕೂರಿಸುವುದು, ದಾರ ಎಳೆದಿಡುವುದು ಇವಕ್ಕೆ ಮನೆಯವರೂ ಕೈಜೋಡಿಸಬಹುದು. ಬೋರ್ಡಿನ ಸಂಪರ್ಕವನ್ನೂ ಕೊನೆಯ ಪರೀಕ್ಷೆಯನ್ನೂ ಗುತ್ತಿಗೆದಾರರಿಗೇ ಬಿಡಿ. ಗೀಸರ್‌ನಂಥ ದೊಡ್ಡ ಲೋಡ್ ಸೇರಿಸುವುದಾದರೆ ಮಂಜೂರಾದ ಲೋಡ್ ಎಷ್ಟಿದೆಯೆಂದು ಮೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಂಡು, ಸಾಲದಿದ್ದರೆ ಏರಿಸಿಕೊಳ್ಳಿ.

ಗೋಡೆಯ ಗುಣ ನೋಡಿ ಸಾಧನ

ಮೊಬೈಲಿನಲ್ಲಿ ಕಾಣುವ ವೈರ್ ಎಳೆಯುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳವು. ಅಲ್ಲಿ ಒಳಗೋಡೆ ಎಂದರೆ ಮರದ ಚೌಕಟ್ಟಿನ ಎರಡೂ ಮೈಗೆ ಜಿಪ್ಸಂ ಹಲಗೆ ಹೊಡೆದದ್ದು, ನಡುವೆ ಪೊಳ್ಳು. ಆ ಪೊಳ್ಳಿನೊಳಗೆ ಆಯಸ್ಕಾಂತ ಕಟ್ಟಿದ ಸರಪಳಿ ಇಳಿಬಿಡುತ್ತಾರೆ, ಮಾರುದ್ದದ ಬಳುಕುವ ಡ್ರಿಲ್ ಬಿಟ್ಟಿನಿಂದ ಚೌಕಟ್ಟಿನ ಮರವನ್ನು ಒಳಗಿಂದೊಳಗೇ ಕೊರೆಯುತ್ತಾರೆ. ನೋಡಲು ಚೆನ್ನ. ನಮ್ಮ ಗೋಡೆಗಳು ಗಟ್ಟಿ ಗೋಡೆಗಳು, ಒಳಗೆ ಇಳಿಬಿಡಲು ಪೊಳ್ಳೇ ಇಲ್ಲ. ಆ ಸಾಧನಗಳಲ್ಲಿ ನಮಗೆ ಬೇಕಾದವು ಕೆಲವೇ, ಅವು ಉಪಯೋಗಕ್ಕೆ ಬರುವುದೂ ಅಟ್ಟದಲ್ಲಿ, ಫಾಲ್ಸ್ ಸೀಲಿಂಗಿನ ಮೇಲೆ ಮತ್ತು ಹಳೆಯ ಪೈಪುಗಳ ಒಳಗೆ.

ನಮ್ಮ ಕಡೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇರುವುದುಂಟು. ಅದು ಮೆತ್ತಗೆ, ಉದ್ದನೆಯ ಬಿಟ್ ಹಾಕಿ ತಿರುಗಿಸಿದರೆ ಸಾಕು, ಡ್ರಿಲ್ಲನ್ನು ಹ್ಯಾಮರ್‌ಗೆ, ಅಂದರೆ ಬಡಿಯುತ್ತ ಕೊರೆಯುವುದಕ್ಕೆ, ಹಾಕಿದರೆ ಆಚೆ ಬದಿಯ ಗಾರೆ ಹಪ್ಪಳದಂತೆ ಎದ್ದು ಬೀಳುತ್ತದೆ. ಜಂಬಿಟ್ಟಿಗೆ ಗೋಡೆಯ ಕಥೆ ಬೇರೆ. ಕಲ್ಲಿನ ಮೈತುಂಬ ಇರುವ ತೂತುಗಳಿಗೆ ಬಿಟ್ ಜಾರಿ ದಾರಿ ತಪ್ಪುತ್ತದೆ, ಕಾಡಿ ಕೊರೆದರೆ ಅಂಚು ಉದುರುತ್ತದೆ. ಸಣ್ಣ ಬಿಟ್ಟಿನಿಂದ ಶುರು ಮಾಡಿ ಹಂತಹಂತವಾಗಿ ದೊಡ್ಡದಕ್ಕೆ ಹೋಗುವುದೇ ಅದಕ್ಕೆ ಮದ್ದು. ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕೇ ಬೇಕು. ಶಿವಮೊಗ್ಗ ಪಟ್ಟಣದ ತಾರಸಿ ಮನೆಗಳಲ್ಲಿ ಅಟ್ಟವೇ ಇಲ್ಲ; ಅಲ್ಲಿ ಸ್ಲ್ಯಾಬಿನೊಳಗೆ ಹೂತಿರುವ ಹಳೆಯ ಪೈಪೇ ದಾರಿ, ಆ ಪೈಪಿನಲ್ಲಿ ಇನ್ನೂ ಎಷ್ಟು ಜಾಗ ಉಳಿದಿದೆ ಎಂಬುದೇ ಪ್ರಶ್ನೆ.

ದಾರಿ ಹುಡುಕುವುದು

ಒಂದು ಟಾರ್ಚು, ಅಳತೆಯ ಟೇಪು, ಸೀಮೆಸುಣ್ಣ ಮತ್ತು ಒಂದು ಹಳೆಯ ಸೈಕಲ್ ಕಡ್ಡಿ ಹಿಡಿದು ಮನೆ ಸುತ್ತಿ. ಮೇನ್ ಬೋರ್ಡ್ ಸಾಮಾನ್ಯವಾಗಿ ಜಗಲಿಯ ಗೋಡೆಯ ಮೇಲಿರುತ್ತದೆ. ಹೊಸ ಪಾಯಿಂಟ್ ಬೇಕಾದ್ದು ಎಲ್ಲೋ ಹಿಂದೆ. ಇವೆರಡರ ನಡುವೆ ಎಷ್ಟು ಗೋಡೆಗಳಿವೆ, ಆ ಗೋಡೆಗಳಲ್ಲಿ ಯಾವುವು ಹೆಂಚಿನ ತನಕ ಏರಿವೆ, ಯಾವುವು ಅಟ್ಟದ ಮಟ್ಟಕ್ಕೇ ನಿಂತಿವೆ ಎಂದು ಅಟ್ಟ ಹತ್ತಿಯೇ ನೋಡಬೇಕು. ಅಟ್ಟದ ಮಟ್ಟಕ್ಕೆ ನಿಂತ ಗೋಡೆಗೆ ತೂತೇ ಬೇಡ, ಅದರ ತಲೆಯ ಮೇಲಿಂದ ಪೈಪ್ ಹಾಯಿಸಿದರಾಯಿತು. ಹೆಂಚಿನ ತನಕ ಏರಿದ ಗೋಡೆಗೆ ಮಾತ್ರ ತೂತು.

ಕೆಳಗಿನ ಕೋಣೆಯಲ್ಲಿ ಗುರುತು ಹಾಕಿದ ಜಾಗ ಅಟ್ಟದ ಮೇಲೆ ಎಲ್ಲಿ ಬರುತ್ತದೆ ಎಂಬುದು ಹೊಸಬರನ್ನು ತುಂಬ ಕಾಡುವ ಪ್ರಶ್ನೆ. ಟೇಪ್ ಹಿಡಿದು ಅಳೆದರೆ ತಪ್ಪುತ್ತದೆ, ಏಕೆಂದರೆ ಹಳೆಯ ಮನೆಯ ಗೋಡೆಗಳು ಒಂದಕ್ಕೊಂದು ನೇರ ಇರುವುದಿಲ್ಲ. ನಾನು ಮಾಡುವುದು ಹೀಗೆ. ಮುಚ್ಚಿಗೆಯ ಎರಡು ಹಲಗೆಗಳ ಸಂದಿನಲ್ಲಿ, ಗೋಡೆಯಿಂದ ಎರಡು ಬೆರಳು ಬಿಟ್ಟು, 3 ಮಿಮೀ ಬಿಟ್ಟಿನಿಂದ ಸಣ್ಣ ತೂತು ಕೊರೆದು ಅದರಲ್ಲಿ ಸೈಕಲ್ ಕಡ್ಡಿಯನ್ನು ಮೇಲಕ್ಕೆ ತೂರಿಸುತ್ತೇನೆ. ಕಡ್ಡಿಯ ತುದಿಗೆ ಕೆಂಪು ಟೇಪು ಸುತ್ತಿರುತ್ತೇನೆ. ಮಣ್ಣು ಹಾಕಿದ ಮುಚ್ಚಿಗೆಯಾದರೆ ಕಡ್ಡಿ ಮಣ್ಣಿನೊಳಗೇ ನಿಂತುಬಿಡುತ್ತದೆ, ಆಗ ಉದ್ದದ ಕಡ್ಡಿ ಬೇಕು. ಮೇಲೆ ಹೋದವರು ಕತ್ತಲಲ್ಲಿ ಟಾರ್ಚ್ ಆಡಿಸಿದರೆ ಅಡಿಕೆಸಿಪ್ಪೆ, ಹಳೆಯ ಕೊಡಪಾನಗಳ ನಡುವೆ ಆ ಕೆಂಪು ತುದಿ ತಟ್ಟನೆ ಕಾಣುತ್ತದೆ. ಜಾಗ ಸರಿಯಿಲ್ಲದಿದ್ದರೂ ನಷ್ಟವಿಲ್ಲ; 3 ಮಿಮೀ ತೂತನ್ನು ಮುಚ್ಚಲು ಒಂದು ಚಿಟಿಕೆ ಮೇಣ ಸಾಕು.

ಗೋಡೆಯೊಳಗಿನ ಹಳೆಯ ವೈರ್, ಕಬ್ಬಿಣ, ನೀರಿನ ಪೈಪ್ ಪತ್ತೆಹಚ್ಚುವ ಸ್ಕ್ಯಾನರ್ ಸಾಧನಗಳು ಸಿಗುತ್ತವೆ. ಬೇಸಿಗೆಯಲ್ಲಿ ಅವು ಬಹಳ ಉಪಕಾರಿ. ಮಳೆಗಾಲದಲ್ಲಿ ನಮ್ಮ ಗೋಡೆಗಳು ನೀರು ಕುಡಿದು ನಿಂತಿರುವಾಗ ಮಾತ್ರ ಅವು ಎಲ್ಲೆಂದರಲ್ಲಿ ಕೂಗುತ್ತವೆ, ಕೂಗಬೇಕಾದಲ್ಲಿ ಸುಮ್ಮನಿರುತ್ತವೆ. ಅದಕ್ಕಿಂತ ನಂಬಬಹುದಾದದ್ದು ಬುದ್ಧಿ: ಪ್ರತಿ ಸ್ವಿಚ್‌ಬೋರ್ಡಿನ ನೇರ ಮೇಲೆ ಮತ್ತು ನೇರ ಕೆಳಗೆ ವೈರ್ ಇದೆಯೆಂದೇ ತಿಳಿದು ಆ ಪಟ್ಟಿಯನ್ನು ಮುಟ್ಟದಿರುವುದು. ನೀವೂ ಹೊಸ ವೈರನ್ನು ಹಾಗೆಯೇ ನೆಟ್ಟಗೆ ಇಳಿಸಿ, ಓರೆಯಾಗಿ ಎಂದೂ ಬೇಡ; ನಾಳೆ ದೇವರ ಪಟಕ್ಕೆ ಮೊಳೆ ಹೊಡೆಯುವವರಿಗೆ ಗೋಡೆಯೊಳಗಿನದು ಕಾಣುವುದಿಲ್ಲ.

ಮೇನ್ ಆಫ್ ಮಾಡಿದರೆ ಸಾಲದು

ಕೆಲವು ವರ್ಷಗಳ ಹಿಂದೆ ಒಂದು ಮನೆಯಲ್ಲಿ ಮೇನ್ ಸ್ವಿಚ್ ಇಳಿಸಿ, ಫ್ಯಾನಿನ ಬಾಕ್ಸಿನಿಂದ ವೈರ್ ಎಳೆಯುವ ಉಕ್ಕಿನ ಸ್ಪ್ರಿಂಗನ್ನು ಪೈಪಿನೊಳಗೆ ತಳ್ಳುತ್ತಿದ್ದೆ. ಕೆಳಗೆ ಬೋರ್ಡಿನಲ್ಲಿ ತುದಿ ಹೊರಬಂದದ್ದೇ ತಡ ಚಟ್ ಎಂದು ಕಿಡಿ ಹಾರಿತು, ಸ್ಪ್ರಿಂಗಿನ ತುದಿ ಕರಗಿ ಗುಂಡಿಯಂತಾಯಿತು. ಆ ಬೋರ್ಡಿಗೆ ಯುಪಿಎಸ್‌ನ ಲೈನೂ ಬಂದಿತ್ತು. ಕೈಗೆ ರಬ್ಬರ್ ಗ್ಲೌಸ್ ಇತ್ತಾದ್ದರಿಂದ ಬದುಕಿದೆ ಎನ್ನಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಯುಪಿಎಸ್ ಇಲ್ಲದ ಮನೆ ಅಪರೂಪ, ಮತ್ತು ಮೇನ್ ಆಫ್ ಆದ ಕ್ಷಣವೇ ಅದು ಚಾಲೂ ಆಗುತ್ತದೆ; ಅದರ ಕೆಲಸವೇ ಅದು. ಆದ್ದರಿಂದ ಮೇನ್ ಆಫ್, ಯುಪಿಎಸ್ ಆಫ್, ಯುಪಿಎಸ್‌ನಿಂದ ಮನೆಗೆ ಹೋಗುವ ಲೈನಿನ ಪ್ಲಗ್ ಕಳಚುವುದು ಅಥವಾ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಇಳಿಸುವುದು, ಸೋಲಾರ್ ಇನ್ವರ್ಟರ್ ಇದ್ದರೆ ಅದನ್ನೂ ನಿಲ್ಲಿಸುವುದು, ಇಷ್ಟೂ ಆಗಬೇಕು. ಮೇನ್ ಬೋರ್ಡಿನ ಬಳಿ ಒಬ್ಬರನ್ನು ಕೂರಿಸಿ. ಇಲ್ಲವೇ ಒಂದು ಬೀಗ ಜಡಿದು ಕೀಲಿಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. "ಕರೆಂಟ್ ಹೋಯ್ತು" ಎಂದುಕೊಂಡು ಸ್ವಿಚ್ ಎತ್ತುವ ಅಜ್ಜ ಎಲ್ಲ ಮನೆಯಲ್ಲೂ ಇರುತ್ತಾರೆ.

ಪರೀಕ್ಷಿಸುವಾಗ ಟೆಸ್ಟರ್ ಅಥವಾ ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವುದು ಖಚಿತವಿರುವ ಕಡೆ ಹಿಡಿದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಮೊದಲಿನ ಕಡೆ ನೋಡಿ. ಟೆಸ್ಟರೇ ಕೆಟ್ಟಿದ್ದರೆ ಸತ್ತ ಲೈನಿಗೂ ಜೀವ ಇರುವ ಲೈನಿಗೂ ಅದು ಒಂದೇ ಉತ್ತರ ಕೊಡುತ್ತದೆ. ಆ ಮೊದಲ ಮತ್ತು ಕೊನೆಯ ಪರೀಕ್ಷೆಗೆ ಮನೆಯ ಕರೆಂಟ್ ಆಫ್ ಇರುವುದರಿಂದ ಪಕ್ಕದ ಮನೆಯ ಪ್ಲಗ್ಗನ್ನೋ ಮೇನ್‌ಗಿಂತ ಹಿಂದಿನ ಲೈನನ್ನೋ ಬಳಸಬೇಕಾಗುತ್ತದೆ; ಎರಡನೆಯದು ಪರವಾನಗಿಯವರ ಕೆಲಸ.

ಸ್ಪ್ರಿಂಗು, ಕಡ್ಡಿ, ದಾರ

ವೈರ್ ಎಳೆಯುವ ಮುಖ್ಯ ಸಾಧನವನ್ನು ಅಂಗಡಿಯಲ್ಲಿ ಸ್ಪ್ರಿಂಗ್ ಎಂದೇ ಕೇಳಿದರೆ ಕೊಡುತ್ತಾರೆ. ಉಕ್ಕಿನ ಚಪ್ಪಟೆ ಪಟ್ಟಿಯದು ಒಂದು ಬಗೆ, ನೈಲಾನಿನದು ಇನ್ನೊಂದು. ಉದ್ದ 15, 20, 30 ಮೀಟರ್ ಹೀಗೆ ಸಿಗುತ್ತದೆ. ಉಕ್ಕಿನದು ದೂರ ತಳ್ಳಿದರೂ ಬಾಗದೆ ಹೋಗುತ್ತದೆ, ತುಂಬಿದ ಪೈಪಿನಲ್ಲಿಯೂ ನುಗ್ಗುತ್ತದೆ. ಆದರೆ ಅದು ಕರೆಂಟನ್ನು ಸೊಗಸಾಗಿ ಹರಿಸುತ್ತದೆ ಎಂಬುದನ್ನು ಮೇಲೆಯೇ ಹೇಳಿದ್ದೇನೆ, ಹಳೆಯ ವೈರಿನ ಮೈಯನ್ನು ಸೀಳುವ ಸಾಧ್ಯತೆಯೂ ಇದೆ. ಮನೆಗೆ ಒಂದೇ ಕೊಳ್ಳುವುದಾದರೆ 15 ಅಥವಾ 20 ಮೀಟರಿನ ನೈಲಾನ್ ಸ್ಪ್ರಿಂಗ್ ಕೊಳ್ಳಿ ಎಂದೇ ನನ್ನ ಸಲಹೆ. ಅದರ ಒಂದು ತುದಿಯಲ್ಲಿ ಬಳುಕುವ ಸುರುಳಿಯ ಮೂಗು, ಇನ್ನೊಂದರಲ್ಲಿ ವೈರ್ ಕಟ್ಟುವ ಕಣ್ಣು ಇರುತ್ತದೆ. ಮೂಗು ಬೆಂಡಿನಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಹಿಂದೆ ಎಲ್ಲರೂ ಜಿಐ ತಂತಿಯ ತುದಿಯನ್ನು ಕೊಕ್ಕೆ ಮಾಡಿಕೊಂಡು ಇದೇ ಕೆಲಸ ಮಾಡುತ್ತಿದ್ದರು, ಈಗಲೂ ನೇರವಾದ ಸಣ್ಣ ದೂರಕ್ಕೆ ಅದು ಸಾಕು. ಸೆಂಟ್ರಿಂಗಿಗೆ ಬಳಸುವ ಬೈಂಡಿಂಗ್ ತಂತಿ ಮಾತ್ರ ಬೇಡ. ಅದು ಮೆತ್ತಗೆ, ಪೈಪಿನೊಳಗೆ ಮುದುಡಿಕೊಂಡು ಕೂರುತ್ತದೆ.

ಅಟ್ಟಕ್ಕೆ ಸ್ಪ್ರಿಂಗ್ ಅಷ್ಟು ಹೊಂದುವುದಿಲ್ಲ. ಪೈಪಿನ ಆಸರೆಯಿಲ್ಲದೆ ಬಯಲಲ್ಲಿ ತಳ್ಳಿದರೆ ಅದು ಹಾವಿನಂತೆ ಸುತ್ತಿಕೊಳ್ಳುತ್ತದೆ. ಮನುಷ್ಯ ನುಗ್ಗಲಾಗದ ಮೂಲೆಗೆ, ಸೂರಿನ ಇಳಿಜಾರು ಗೋಡೆಗೆ ತಾಗುವ ಸಂದಿಗೆ ಬೇಕಾದದ್ದು ಫೈಬರ್ ಕಡ್ಡಿಗಳ ಸೆಟ್. ಒಂದೊಂದು ಮೀಟರಿನ ಕಡ್ಡಿಗಳ ತುದಿಗೆ ತಿರುಪು ಇರುತ್ತದೆ, ಒಂದಕ್ಕೊಂದು ತಿರುಗಿಸಿ ಜೋಡಿಸುತ್ತ ಹತ್ತು ಮೀಟರಿನ ತನಕ ತಳ್ಳಬಹುದು. ತುದಿಗೆ ಕೊಕ್ಕೆ, ಆಯಸ್ಕಾಂತ ಅಥವಾ ಕಣ್ಣು ಹಾಕಿಕೊಳ್ಳಬಹುದು. ತಳ್ಳುವಾಗ ಯಾವಾಗಲೂ ತಿರುಪು ಬಿಗಿಯಾಗುವ ದಿಕ್ಕಿಗೇ ತಿರುಗಿಸಿ, ಇಲ್ಲದಿದ್ದರೆ ಮುಂದಿನ ತುಂಡು ಕಳಚಿ ಅಲ್ಲೇ ಉಳಿಯುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಹಳೆಯ ಕಡ್ಡಿಯ ಗಾಜಿನ ನಾರು ಚರ್ಮದೊಳಗೆ ಮುರಿದುಕೊಂಡರೆ ವಾರಗಟ್ಟಲೆ ಚುಚ್ಚುತ್ತದೆ. ಕಡ್ಡಿಗಳಿಲ್ಲದಿದ್ದರೆ? ಒಣಗಿದ ಅಡಿಕೆ ದಬ್ಬೆಯನ್ನು ಸಣ್ಣಗೆ ಸೀಳಿ, ಮೈ ನಯ ಮಾಡಿ, ತುದಿಗೆ ಒಂದು ಕೊಕ್ಕೆ ಬಿಗಿದರೆ ಆರೇಳು ಮೀಟರಿನ ಸಂದಿಗೆ ಅದೂ ಬರುತ್ತದೆ. ಬಿದಿರಿನ ಗಳುವೂ ಆದೀತು.

ಪೈಪಿನೊಳಗೆ ಸ್ಪ್ರಿಂಗೂ ಹೋಗದಿದ್ದಾಗ ಮಾಡುವ ಒಂದು ಉಪಾಯವಿದೆ. ತೆಳುವಾದ ಪ್ಲಾಸ್ಟಿಕ್ ಚೀಲದ ಸಣ್ಣ ತುಂಡನ್ನು ಉಂಡೆ ಮಾಡಿ ನೈಲಾನ್ ದಾರಕ್ಕೆ ಕಟ್ಟಿ ಪೈಪಿನ ಒಂದು ಬಾಯಿಗೆ ಇಟ್ಟು, ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಸುತ್ತ ಬಟ್ಟೆಯಿಂದ ಬಿಗಿ ಮಾಡಿ. ಪೈಪ್ ಕಟ್ಟಿಕೊಂಡಿಲ್ಲದಿದ್ದರೆ ಉಂಡೆ ಸರ್‍ರನೆ ಆಚೆ ಬರುತ್ತದೆ, ದಾರ ಅದರ ಹಿಂದೆ. ಆ ದಾರಕ್ಕೆ ಗಟ್ಟಿ ಹುರಿ, ಹುರಿಗೆ ವೈರ್.

ಮೊಬೈಲಿಗೆ ಸಿಕ್ಕಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾವನ್ನೂ ಹೇಳಬೇಕು. ಅದರ ತಲೆ ಬೆರಳಿಗಿಂತ ಸಣ್ಣದು, ದೀಪವೂ ಇರುತ್ತದೆ. ಫಾಲ್ಸ್ ಸೀಲಿಂಗಿನ ಬಲ್ಬಿನ ತೂತಿನಲ್ಲಿ ಅದನ್ನು ತೂರಿಸಿ ಮೇಲೆ ಏನಿದೆ ಎಂದು ನೋಡಿಕೊಂಡೇ ಕಡ್ಡಿ ತಳ್ಳಿದರೆ ಅರ್ಧ ಶ್ರಮ ಉಳಿಯುತ್ತದೆ.

ಕೊರೆಯುವುದು

ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಆರಪಾರ ಕೊರೆಯಲು ಎಸ್‌ಡಿಎಸ್ ಹಿಡಿಯ (ಬಿಟ್ಟನ್ನು ಒತ್ತಿದರೆ ಕೂರುವ ಬಗೆಯ) ಹ್ಯಾಮರ್ ಡ್ರಿಲ್ ಮತ್ತು 450 ಮಿಮೀ ಉದ್ದದ ಬಿಟ್ ಬೇಕು. ಮೊದಲು 8 ಅಥವಾ 10 ಮಿಮೀ ಬಿಟ್ಟಿನಿಂದ ದಾರಿ ಮಾಡಿ, ಆಮೇಲೆ ಪೈಪ್ ಹಿಡಿಸುವಷ್ಟು ದೊಡ್ಡದು. 20 ಮಿಮೀ ಪೈಪಿಗೆ 22 ಮಿಮೀ ತೂತು, 25ರದಕ್ಕೆ 28 ಇದ್ದರೆ ಸರಾಗ. ಆಚೆ ಬದಿ ಇನ್ನೊಂದಿಂಚು ಇದೆ ಎನ್ನುವಾಗ ಹ್ಯಾಮರ್ ನಿಲ್ಲಿಸಿ, ಬರೀ ತಿರುಗಿಸುತ್ತ ಹೋಗಿ, ಸಾಧ್ಯವಾದರೆ ಸಣ್ಣ ತೂತು ಆಚೆ ಬಂದ ಮೇಲೆ ದೊಡ್ಡ ಬಿಟ್ಟನ್ನು ಆಚೆ ಬದಿಯಿಂದಲೇ ಹಾಕಿ. ಹೊರಗೋಡೆಯಾದರೆ ತೂತು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿರಲಿ. ಆಗುಂಬೆ ಕಡೆಯ ಗಾಳಿಮಳೆಗೆ ಮಟ್ಟಸವಾದ ತೂತು ನೀರಿಗೆ ಕಾಲುವೆಯಾಗುತ್ತದೆ, ನೀರು ಪೈಪಿನಗುಂಟ ನೇರ ಬೋರ್ಡಿಗೆ ಇಳಿಯುತ್ತದೆ.

ಮರಕ್ಕೆ ಮರದ ಬಿಟ್ಟೇ ಬೇಕು. ಹಳೆಯ ಮನೆಗಳ ತೊಲೆಗಳು ಕಬ್ಬಿಣದಷ್ಟು ಗಟ್ಟಿ. ಗೋಡೆಯ ಬಿಟ್ ಹಾಕಿದರೆ ಹೊಗೆ ಏಳುತ್ತದೆಯೇ ಹೊರತು ತೂತಾಗುವುದಿಲ್ಲ. ಬೈರಿಗೆಯಂಥ ಸುರುಳಿಯ ಬಿಟ್ ಹಾಕಿ ನಿಧಾನ ವೇಗದಲ್ಲಿ ಕೊರೆಯಿರಿ. ತೊಲೆಯ ಭಾರವೆಲ್ಲ ಅದರ ಮೇಲಂಚು ಕೆಳಅಂಚುಗಳ ಮೇಲಿರುವುದರಿಂದ ಕೊರೆಯಲೇಬೇಕಾದರೆ ಎತ್ತರದ ನಡುಮಧ್ಯದಲ್ಲಿ ಕೊರೆಯಬೇಕು, ಅಂಚಿನಲ್ಲಿ ಗಾಡಿ, ಅಂದರೆ ಪೈಪ್ ಕೂರುವ ಉದ್ದನೆಯ ಕಾಲುವೆ, ಕಡಿಯಲೇಬಾರದು. ಅಟ್ಟದಲ್ಲಿ ಜಾಗವಿದ್ದರೆ ತೊಲೆಯ ಪಕ್ಕಕ್ಕೆ ಸ್ಯಾಡಲ್ (ಪೈಪನ್ನು ಹಿಡಿದಿಡುವ ಪಟ್ಟಿ) ಹೊಡೆದು ಪೈಪ್ ಒಯ್ಯುವುದೇ ಲೇಸು. ನೂರು ವರ್ಷದ ಮರವನ್ನು ಒಂದು ಪ್ಲಗ್ಗಿಗಾಗಿ ತೂತು ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಅಟ್ಟದ ಮೇಲೆ

ತಲೆಗೆ ಕಟ್ಟುವ ಟಾರ್ಚು, ಒಳ್ಳೆಯ ಮಾಸ್ಕು, ಉದ್ದ ತೋಳಿನ ಅಂಗಿ, ಗ್ಲೌಸು ಹಾಕಿಕೊಳ್ಳದೆ ಹತ್ತಬೇಡಿ. ಬಾವಲಿಯ ಹಿಕ್ಕೆ, ಅಡಿಕೆಯ ಧೂಳು, ಕಣಜದ ಹುಳುವಿನ ಗೂಡು, ಇಲಿ ಬೆನ್ನಟ್ಟಿ ಬಂದ ಕೇರೆಹಾವು ಇವೆಲ್ಲ ಅಲ್ಲಿನ ಖಾಯಂ ನಿವಾಸಿಗಳು. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ಸದ್ದು ಮಾಡಿ. ಹಲಗೆಗಳ ಮೇಲೆ ಕಾಲಿಡದೆ, ಕೆಳಗಿನ ತೊಲೆ ಎಲ್ಲಿದೆಯೆಂದು ಮೊಳೆಗಳ ಸಾಲಿನಿಂದ ಗುರುತಿಸಿ ಅದರ ಮೇಲೇ ನಡೆಯಿರಿ. ಗೆದ್ದಲು ತಿಂದ ಹಲಗೆ ಮೇಲಿಂದ ನೋಡಲು ಹೊಸದರಂತೆಯೇ ಇರುತ್ತದೆ. ಎರಡು ತೊಲೆಗಳಿಗೆ ಅಡ್ಡವಾಗಿ ಒಂದು ಗಟ್ಟಿ ಹಲಗೆ ಹಾಸಿಕೊಂಡರೆ ಕುಳಿತು ಕೆಲಸ ಮಾಡಬಹುದು.

ಮನುಷ್ಯ ತೂರಲಾಗದ ಇಳಿಜಾರಿನ ಕಡೆ ನಮ್ಮಲ್ಲಿ ಒಂದು ಅನುಕೂಲವಿದೆ. ಮೇಲಿನಿಂದ ನಾಲ್ಕು ಮಂಗಳೂರು ಹೆಂಚು ಸರಿಸಿದರೆ ಬೆಳಕೂ ಬರುತ್ತದೆ, ಕೈಯೂ ಒಳಗೆ ಹೋಗುತ್ತದೆ. ಸರಿಸಿದ ಹೆಂಚುಗಳನ್ನು ಅದೇ ಸರದಿಯಲ್ಲಿ ಪಕ್ಕಕ್ಕೆ ಇಟ್ಟುಕೊಳ್ಳಿ. ಇದು ಡಿಸೆಂಬರಿನಿಂದ ಏಪ್ರಿಲ್ ತನಕದ ಕೆಲಸ; ಪಾಚಿಗಟ್ಟಿದ ಒದ್ದೆ ಹೆಂಚಿನ ಮೇಲೆ ಕಾಲಿಡುವ ಸಾಹಸ ಬೇಡ.

ಅಟ್ಟದಲ್ಲಿ ಬರೀ ವೈರನ್ನು ಹಾಸಿ ಹೋಗುವುದನ್ನು ಇಂದಿಗೂ ನೋಡುತ್ತೇನೆ, ಇಲಿ ಅದನ್ನು ಒಂದು ಮಳೆಗಾಲದೊಳಗೆ ಮುಗಿಸುತ್ತದೆ. ಸುರುಳಿ ಸುರುಳಿಯ ಬಳುಕುವ ಪೈಪೂ ಇಲಿಗೆ ತಡೆಯಲ್ಲ. ಐಎಸ್‌ಐ ಗುರುತಿನ ಮೀಡಿಯಂ ಅಥವಾ ಹೆವಿ ದರ್ಜೆಯ ಗಟ್ಟಿ ಪಿವಿಸಿ ಪೈಪನ್ನೇ ಹಾಕಿ, ಕೀಲುಗಳಿಗೆ ಸಲ್ಯೂಷನ್ ಹಚ್ಚಿ, ಎರಡು ಮೂರು ಅಡಿಗೊಂದು ಸ್ಯಾಡಲ್ ಹೊಡೆಯಿರಿ. ವೈರ್ ಜೋಡಣೆ ಏನಿದ್ದರೂ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನೊಳಗೇ ಆಗಬೇಕು, ಬಾಕ್ಸ್ ಮುಂದೆ ಕೈಗೆ ಸಿಗುವ ಜಾಗದಲ್ಲಿರಬೇಕು. ಎರಡು ಬೆಂಡಿಗೆ ಒಂದು ಬಾಕ್ಸ್ ಎಂಬ ಲೆಕ್ಕ ಇಟ್ಟುಕೊಂಡರೆ ಎಳೆಯುವಾಗ ಬೆವರಬೇಕಾಗಿಲ್ಲ. ಅಡುಗೆಮನೆಯ ಒಲೆ ಮತ್ತು ಬಚ್ಚಲ ಹಂಡೆಯ ಹೊಗೆ ಏರುವ ಭಾಗದಿಂದ ಪೈಪನ್ನು ದೂರ ಒಯ್ಯಿರಿ. ಹೆಂಚಿನ ಅಡಿಯ ಬೇಸಿಗೆಯ ಬಿಸಿಗೆ ವೈರ್ ಹೊರಬಹುದಾದ ಕರೆಂಟೂ ಕಡಿಮೆಯಾಗುವುದರಿಂದ ಅಳತೆಯಲ್ಲಿ ಜಿಪುಣತನ ಬೇಡ: ದೀಪಕ್ಕೆ ಒಂದೂವರೆ ಸ್ಕ್ವೇರ್ (ಚದರ ಮಿಮೀ), ಪವರ್ ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾಲ್ಕು. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಎರಡೂವರೆಯೂ ತಡೆದೀತು. ಆದರೆ ಮಳೆಗಾಲದಲ್ಲಿ ವೋಲ್ಟೇಜ್ ಇಳಿಯುವ ಉದ್ದನೆಯ ಹಳ್ಳಿ ಲೈನಿನಲ್ಲಿ ನಾಲ್ಕನ್ನೇ ಹಾಕುವವನು ನಾನು.

ಎಳೆಯುವುದು

ವೈರಿನ ತಲೆ ಕಟ್ಟುವುದರಲ್ಲೇ ಅರ್ಧ ಕೆಲಸವಿದೆ. ಮೂರು ವೈರ್ ಎಂದಿಟ್ಟುಕೊಳ್ಳಿ: ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು. ಮೂರರ ತುದಿಯಲ್ಲೂ ನಾಲ್ಕು ಬೆರಳಿನಷ್ಟು ಮೈ ಸುಲಿದು, ಒಂದನ್ನು ಮಾತ್ರ ಸ್ಪ್ರಿಂಗಿನ ಕಣ್ಣಿನಲ್ಲಿ ತೂರಿಸಿ ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಸುತ್ತಿ. ಎರಡನೆಯದರ ಎಳೆಗಳನ್ನು ಮೊದಲನೆಯದಕ್ಕೆ ಎರಡು ಇಂಚು ಹಿಂದೆ ಹೊಸೆಯಿರಿ, ಮೂರನೆಯದನ್ನು ಇನ್ನೆರಡು ಇಂಚು ಹಿಂದೆ. ಮೂರನ್ನೂ ಒಂದೇ ಕಡೆ ಕಟ್ಟಿದರೆ ಗಂಟು ದಪ್ಪಗಾಗಿ ಮೊದಲ ಬೆಂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗೆ ಹಿಂದುಮುಂದಾಗಿ ಕಟ್ಟಿದರೆ ತಲೆ ಮೂಲಂಗಿಯಂತೆ ಮುಂದಕ್ಕೆ ಸಣ್ಣಗೆ, ಹಿಂದಕ್ಕೆ ದಪ್ಪಗೆ ಇರುತ್ತದೆ. ಆಮೇಲೆ ಇನ್ಸುಲೇಷನ್ ಟೇಪನ್ನು ಸ್ಪ್ರಿಂಗಿನ ಕಡೆಯಿಂದ ಹಿಡಿದು ವೈರಿನ ಕಡೆಗೆ, ಎಳೆದು ಹಿಡಿದು, ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಿ. ಕೈಬೆರಳಿನಿಂದ ಸವರಿದರೆ ಎಲ್ಲೂ ಮೆಟ್ಟಿಲು ಸಿಗಬಾರದು. ಇವುಗಳ ಜೊತೆಗೇ ಒಂದು ನೈಲಾನ್ ಹುರಿಯನ್ನೂ ಕಟ್ಟಿ.

ಇಬ್ಬರಿಲ್ಲದೆ ಎಳೆಯುವ ಕೆಲಸ ಮಾಡಬೇಡಿ. ಎಳೆಯುವವರಿಗಿಂತ ಆಚೆಯಿಂದ ವೈರ್ ಉಣಿಸುವವರ ಕೆಲಸವೇ ದೊಡ್ಡದು. ಕಾಯಿಲ್‌ನಿಂದ ವೈರ್ ಬಿಚ್ಚುವಾಗ ತಿರುಚು ಉಳಿಯದಂತೆ ಕಾಯಿಲನ್ನೇ ಉರುಳಿಸುತ್ತ, ಮೂರೂ ವೈರನ್ನು ಸಮನಾಗಿ ಹಿಡಿದು, "ಎಳಿ" ಎಂದಾಗ ತಳ್ಳಬೇಕು, "ನಿಲ್ಸು" ಎಂದಾಗ ನಿಲ್ಲಬೇಕು. ಸಿಕ್ಕಿಕೊಂಡರೆ ಜಗ್ಗಬೇಡಿ, ಒಂದು ಅಡಿ ಹಿಂದಕ್ಕೆ ಬಿಟ್ಟು, ತುಸು ತಿರುಗಿಸಿ, ಮತ್ತೆ ಎಳೆಯಿರಿ. ಪಿವಿಸಿಗೆ ಟಾಲ್ಕಂ ಪೌಡರ್ ಉದುರಿಸಿದರೆ ಜಾರುತ್ತದೆ, ಇದಕ್ಕೆಂದೇ ಬರುವ ಜೆಲ್ ಇನ್ನೂ ಒಳ್ಳೆಯದು. ಕೊಬ್ಬರಿ ಎಣ್ಣೆ, ಗ್ರೀಸು, ಸೋಪಿನ ನೀರು ಬೇಡ. ಎಣ್ಣೆಗೆ ಧೂಳು ಅಂಟುತ್ತದೆ, ವೈರಿನ ಮೈಗೂ ಅದು ಹಿತವಲ್ಲ.

ಹಳೆಯ ಪೈಪಿನಲ್ಲಿ ಹೊಸ ವೈರ್ ಸೇರಿಸುವುದಾದರೆ ಎಲ್ಲ ವೈರುಗಳೂ ಸೇರಿ ತುಂಬುವ ಜಾಗ ಪೈಪಿನ ಒಳಜಾಗದ ನೂರಕ್ಕೆ ನಲವತ್ತನ್ನು ಮೀರಬಾರದು. ಹಳೆಯ ವೈರ್ ಬೇಡವೆಂದಾದರೆ ಅದನ್ನೇ ಸ್ಪ್ರಿಂಗಾಗಿ ಬಳಸಿ, ತುದಿಗೆ ಹೊಸದನ್ನು ಕಟ್ಟಿ ಎಳೆಯಬಹುದು. ಆದರೆ ಐವತ್ತು ವರ್ಷದ ರಬ್ಬರ್ ಹೊದಿಕೆಯ ವೈರ್ ನಡುವೆ ಕಿತ್ತು ಬರುವುದು ಹೆಚ್ಚು, ಹಾಗಾಗಿ ಮೊದಲು ಅದರಿಂದ ಹುರಿಯನ್ನು ಮಾತ್ರ ಎಳೆದುಕೊಳ್ಳಿ.

ದಾರಿಯೇ ಸಿಗದಿದ್ದರೆ

ಅಟ್ಟದಿಂದ ಬೋರ್ಡಿನ ತನಕ ಇಳಿಯುವ ನಾಲ್ಕೈದು ಅಡಿಗೆ ಗಟ್ಟಿ ಗೋಡೆಯಲ್ಲಿ ಎರಡೇ ದಾರಿ: ಗಾಡಿ ಕಡಿದು ಪೈಪ್ ಹೂಳುವುದು, ಇಲ್ಲವೇ ಮೇಲ್ಮೈಯಲ್ಲಿ ವೈರ್ ಮುಚ್ಚುವ ಕೇಸಿಂಗ್ ಪಟ್ಟಿ ಹೊಡೆಯುವುದು. ಎರಡು ಬ್ಲೇಡಿನ ಗಾಡಿ ಕಟ್ಟರ್ ಇಟ್ಟಿಗೆ ಗೋಡೆಯಲ್ಲಿ ನೇರ ಗೆರೆ ಕೊಯ್ಯುತ್ತದೆ, ನಡುವಿನದನ್ನು ಉಳಿಯಿಂದ ಎತ್ತಬಹುದು. ನೆಟ್ಟಗಿನ ಗಾಡಿ ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನೂ ಅಡ್ಡ ಗಾಡಿ ಆರನೆಯ ಒಂದು ಭಾಗವನ್ನೂ ಮೀರಬಾರದು. ನಾಲ್ಕೂವರೆ ಇಂಚಿನ ಗೋಡೆಗೆ ಅಡ್ಡ ಗಾಡಿ ಬೇಡವೇ ಬೇಡ. ದಾರಂದದ ಪಕ್ಕದಲ್ಲಿ ಇಳಿಸಿದರೆ ಗಾರೆ ಕಡಿಮೆ ಕಡಿಯಬೇಕು, ಆದರೆ ಅಲ್ಲಿ ದಾರಂದವನ್ನು ಗೋಡೆಗೆ ಬಿಗಿದ ಹೋಲ್ಡ್‌ಫಾಸ್ಟ್ ಕಬ್ಬಿಣಗಳಿರುತ್ತವೆಂಬುದನ್ನು ಮರೆಯಬೇಡಿ. ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗೆ ಗಾಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮೂಲೆಯಲ್ಲಿ ಪೈಪನ್ನು ಹೊರಗೇ ಇಳಿಸಿ ಗೋಡೆಯ ಬಣ್ಣವನ್ನೇ ಬಳಿದರೆ ವರ್ಷದೊಳಗೆ ಕಣ್ಣು ಅದನ್ನು ಮರೆಯುತ್ತದೆ.

ಕೊನೆಯ ಪರೀಕ್ಷೆ

ಲೈನಿಗೆ ಜೀವ ಕೊಡುವ ಮೊದಲು ಮೆಗ್ಗರ್ (ವೈರಿನ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಮೀಟರ್) ಹಾಕಿಸಿ. ಬಲ್ಬು, ರೆಗ್ಯುಲೇಟರು, ಚಾರ್ಜರುಗಳನ್ನೆಲ್ಲ ಕಳಚಿ, 500 ವೋಲ್ಟಿನಲ್ಲಿ ಫೇಸಿಗೂ ಅರ್ಥಿಗೂ, ನ್ಯೂಟ್ರಲಿಗೂ ಅರ್ಥಿಗೂ, ಫೇಸಿಗೂ ನ್ಯೂಟ್ರಲಿಗೂ ಅಳೆಯಬೇಕು. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಎಲ್ಲೋ ವೈರಿನ ಮೈ ಸೀಳಿದೆ ಅಥವಾ ನೀರು ಹೊಕ್ಕಿದೆ. ಹೊಸ ವೈರಿಗೆ ಇದಕ್ಕಿಂತ ಬಹಳ ಹೆಚ್ಚೇ ಬರಬೇಕು. ಅರ್ಥ್ ವೈರ್ ತುದಿಯಿಂದ ತುದಿಗೆ ಕಡಿಯದೆ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. ಬಚ್ಚಲಿನ ಲೈನ್ ಆದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಕೆಳಗೇ ಬರಬೇಕು. ಕರೆಂಟ್ ಕೊಟ್ಟ ಮೇಲೆ ಅದರ ಟೆಸ್ಟ್ ಗುಂಡಿ ಒತ್ತಿದಾಗ ಅದು ತಕ್ಷಣ ಬೀಳಬೇಕು.

ವೈರಿನ ಜೊತೆ ಎಳೆದ ನೈಲಾನ್ ಹುರಿಯನ್ನು ಪೈಪಿನಲ್ಲೇ ಬಿಟ್ಟು, ಎರಡೂ ತುದಿಯನ್ನು ಬಾಕ್ಸಿನೊಳಗೆ ಗಂಟು ಹಾಕಿ ಇಡಿ. ಅಟ್ಟದ ಯಾವ ತೊಲೆಯಗುಂಟ ಪೈಪ್ ಹೋಗಿದೆ, ಬಾಕ್ಸುಗಳು ಎಲ್ಲಿವೆ ಎಂದು ಒಂದು ಹಾಳೆಯಲ್ಲಿ ಗೀಚಿ ಮೇನ್ ಬೋರ್ಡಿನ ಮುಚ್ಚಳದ ಒಳಬದಿಗೆ ಅಂಟಿಸಿ. ಸೈಕಲ್ ಕಡ್ಡಿಯ ತೂತುಗಳಿಗೆ ಮೇಣ ತುಂಬಿ, ಗೋಡೆಯ ತೂತಿನ ಸುತ್ತ ಉಳಿದ ಸಂದನ್ನು ಇಲಿ ಹೋಗದಂತೆ ಸಿಮೆಂಟಿನಿಂದ ಮೆತ್ತಿ, ಸರಿಸಿದ ಹೆಂಚುಗಳನ್ನು ಮತ್ತೆ ಹೊದಿಸಿ. ಒಂದು ಕೊಡ ನೀರನ್ನು ಆ ಹೆಂಚಿನ ಮೇಲೆ ಸುರಿದು, ಕೆಳಗೆ ಹನಿ ಬೀಳುವುದಿಲ್ಲವೆಂದು ನೋಡಿಯೇ ಏಣಿ ಇಳಿಸಿ.